ಗದ್ದೆ ಏಡಿ: ವಿಷ ಹಾಕೋ ಮುಂಚೆ ತಿಳಿಯೋಣ

ಕೆರೆ ತುಂಬಿದ ವರ್ಷ ನಮ್ಮ ಕಡೆ ಎರಡು ಮಾತು ಜೊತೆಜೊತೆಗೇ ಕೇಳಿಬರುತ್ತವೆ. "ಈ ಸಲ ಭತ್ತ ನಾಟಿ ಹಾಕಬಹುದು" ಅನ್ನೋದು ಒಂದು. "ಏಡಿಗೆ ಏನು ಹಾಕೋಣ" ಅನ್ನೋದು ಇನ್ನೊಂದು.

ಕಡೂರು, ತರೀಕೆರೆ, ಅಜ್ಜಂಪುರ ಅಂದ್ರೆ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಲಕ್ಕವಳ್ಳಿ, ಲಿಂಗದಹಳ್ಳಿ ಕಡೆ ಹಸಿರು. ಅಲ್ಲಿಂದ ಮೂಡಲಿಗೆ ಬಂದಂತೆ ರಾಗಿ, ಜೋಳ, ಈರುಳ್ಳಿ, ತೆಂಗು. ನನ್ನದು ಅಜ್ಜಂಪುರದ ಕಡೆಯ ಮೂರೂವರೆ ಎಕರೆ ಖುಷ್ಕಿ. ಕೆರೆ ಹಿಂದೆ ಇಪ್ಪತ್ತು ಗುಂಟೆ ಗದ್ದೆ ಇದೆ. ಕೆರೆ ತುಂಬಿದ್ರೆ ಗದ್ದೆ, ಇಲ್ಲದಿದ್ರೆ ಅದೂ ಹೊಲವೇ. ಹೀಗೆ ಎಷ್ಟೋ ವರ್ಷ ಒಣಗಿ ಬಿದ್ದಿದ್ದ ಜಾಗದಲ್ಲೂ ನೀರು ನಿಂತ ಹದಿನೈದು ದಿನಕ್ಕೆ ಏಡಿ ಕಾಣಿಸುತ್ತೆ. ಎಲ್ಲಿಂದ ಬಂತು, ಏನು ತಿನ್ನುತ್ತೆ, ಎಷ್ಟು ಮರಿ ಹಾಕುತ್ತೆ ಅಂತ ನಾವು ಕೇಳೋದಿಲ್ಲ. ಬಿಲ ಕಂಡ ಕೂಡಲೇ ಗುಳಿಗೆ ಡಬ್ಬಿ ನೆನಪಾಗುತ್ತೆ. ನಾನು ಓದಿದ್ದು ಏಳನೇ ಕ್ಲಾಸು. ಬಿ.ಎಸ್ಸಿ. ಓದಿದ ಮಗಳು ಹುಡುಕಿ ಓದಿ ಹೇಳಿದ್ದು, ನಾನು ಬದುವಿನ ಮೇಲೆ ಕೂತು ಕಂಡದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೀತಾ ಇದ್ದೀನಿ.

ಏಡಿ ಒಂದೇ ಜಾತಿ ಅಲ್ಲ

ನಾವು ಏಡಿ ಅಂತೀವಿ, ಮೈಸೂರು ಕಡೆ ನಳ್ಳಿ, ಮಂಗಳೂರು ಕಡೆ ತುಳುವಿನಲ್ಲಿ ದೆಂಜಿ. ಹೆಸರು ಹೇಗೆ ಊರಿಗೊಂದೋ ಏಡಿಯೂ ಹಾಗೇ ಸೀಮೆಗೊಂದು. ಸಿಹಿನೀರಿನ ಏಡಿಗಳೇ ನಮ್ಮ ದೇಶದಲ್ಲಿ ನೂರಕ್ಕೂ ಮೇಲ್ಪಟ್ಟು ಜಾತಿ ಇವೆ. 2009ರಲ್ಲಿ ವಿಜ್ಞಾನಿಗಳು ಪ್ರಪಂಚದ ಸಿಹಿನೀರಿನ ಏಡಿಗಳನ್ನೆಲ್ಲ ಲೆಕ್ಕ ಹಾಕಿ 1,280 ಜಾತಿಗಳ ಸ್ಥಿತಿಗತಿ ಪಟ್ಟಿ ಮಾಡಿದರು. ಅದರಲ್ಲಿ 628 ಜಾತಿಗಳ ಮುಂದೆ 'ಮಾಹಿತಿ ಸಾಲದು' ಅಂತ ಬರೆದಿದೆ. ಅಂದ್ರೆ ಅರ್ಧದಷ್ಟು ಏಡಿಗಳು ಉಳಿದಾವೋ ಅಳಿದಾವೋ ಅಂತ ಹೇಳೋರೇ ಇಲ್ಲ.

ನಮ್ಮ ಘಟ್ಟದಲ್ಲಿ, ದಖನ್ನಿನ ಬಯಲಲ್ಲಿ ಸಿಗೋ ದೊಡ್ಡ ಏಡಿಗೆ ಬ್ಯಾರಿಟೆಲ್ಫುಸಾ ಕ್ಯುನಿಕ್ಯುಲಾರಿಸ್ ಅಂತ ಹೆಸರು. ಹೆಸರಿನ ಕೊನೆಯ ಭಾಗದ ಅರ್ಥವೇ ಬಿಲ ತೋಡೋದು ಅಂತ. ಸೈಕ್ಸ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ ದಖನ್ನಿನ ಗುಡ್ಡಗಳ ಮೇಲೆ ಇದನ್ನು ನೋಡಿ ಬರೆದ, ವೆಸ್ಟ್‌ವುಡ್ ಅನ್ನೋ ವಿಜ್ಞಾನಿ ಹೆಸರು ಕೊಟ್ಟ. ಅದು ಅಚ್ಚಾಗಿದ್ದು 1836ರಲ್ಲಿ. ಆಮೇಲೆ 1910ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಆಲ್ಕಾಕ್ ಭಾರತದ ಸಿಹಿನೀರಿನ ಏಡಿಗಳ ದೊಡ್ಡ ಪಟ್ಟಿ ಮಾಡಿದ. ಗದ್ದೆಯಲ್ಲಿ ಸಿಗೋ ಇನ್ನೊಂದು ಸಣ್ಣ ಏಡಿ ಓಜಿಯೋಟೆಲ್ಫುಸಾ ಸೆನೆಕ್ಸ್. ಇದರ ಮೇಲೆ ತಿರುಪತಿಯ ವೆಂಕಟೇಶ್ವರ ವಿಶ್ವವಿದ್ಯಾಲಯದವರು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ.

ಇದೆಲ್ಲ ಹಳೇ ಕತೆ, ಹೊಸದೇನೂ ಇಲ್ಲ ಅಂದ್ಕೋಬೇಡಿ. 2022ರಲ್ಲಿ ನಮ್ಮ ಉತ್ತರ ಕನ್ನಡದ ಯಲ್ಲಾಪುರದ ಕಾಡಿನಲ್ಲೇ ಬಿಳಿ ಮತ್ತು ಕೆನ್ನೇರಳೆ ಎರಡು ಬಣ್ಣದ ಹೊಸ ಏಡಿ ಸಿಕ್ಕಿತು. ಅದಕ್ಕೆ ಘಾಟಿಯಾನಾ ದ್ವಿವರ್ಣ ಅಂತ ಹೆಸರಿಟ್ಟರು. ಜಂಬಿಟ್ಟಿಗೆ ಕಲ್ಲಿನ ತೂತಿನಲ್ಲಿ ವಾಸ. ಅದನ್ನು ಗುರುತಿಸಿದವರಲ್ಲಿ ಅರಣ್ಯ ಇಲಾಖೆಯ ಕಾವಲು ಕೆಲಸದ ಪರಶುರಾಮ ಭಜಂತ್ರಿ, ಪರಿಸರಾಸಕ್ತ ಗೋಪಾಲಕೃಷ್ಣ ಹೆಗಡೆ, ಪ್ರಾಣಿಶಾಸ್ತ್ರ ಸರ್ವೇಕ್ಷಣ ಇಲಾಖೆಯ ವಿಜ್ಞಾನಿ ಸಮೀರ್ ಕುಮಾರ್ ಪತಿ ಇದ್ದಾರೆ. ಕಾಡು ಕಾಯೋರ ಕಣ್ಣಿಗೆ ಬಿದ್ದದ್ದು ಶಾಸ್ತ್ರಕ್ಕೆ ಸೇರಿತು. ಗದ್ದೆ ಕಾಯೋ ನಮ್ಮ ಕಣ್ಣಿಗೂ ಬೀಳಬಾರದು ಅಂತೇನಿಲ್ಲ.

ಮರಿ ಹಾಕೋ ಬಗೆ

ಏಡಿಗೆ ಬಸುರೇ ಮೃತ್ಯು, ಮರಿಗಳು ತಾಯಿ ಹೊಟ್ಟೆ ಸೀಳಿ ಬರ್ತವೆ ಅನ್ನೋ ಮಾತು ಹಿಂದಿನಿಂದ ಇದೆ. ಅದು ನಿಜ ಅಲ್ಲ. ಏಡಿಯನ್ನು ಮಗುಚಿ ನೋಡಿ, ಹೊಟ್ಟೆ ಮೇಲೆ ಒಂದು ಮಡಿಕೆ ಇದೆ. ಅದು ಅಗಲವಾಗಿ ತಟ್ಟೆ ಹಾಗಿದ್ರೆ ಹೆಣ್ಣು, ಸಣ್ಣಗೆ ಚೂಪಾಗಿದ್ರೆ ಗಂಡು. ಹೆಣ್ಣು ಮೊಟ್ಟೆಗಳನ್ನು ಈ ಮಡಿಕೆ ಒಳಗೇ ಇಟ್ಕೊಂಡು ಕಾಯುತ್ತೆ. ಮೊಟ್ಟೆ ಒಡೆದ ಮೇಲೂ ಮರಿಗಳು ಕೆಲವು ದಿನ ಅಲ್ಲೇ ಅಂಟಿಕೊಂಡಿರ್ತವೆ. ಮಡಿಕೆ ಬಿಚ್ಚಿದಾಗ ಸಾಸಿವೆ, ರಾಗಿ ಚೆಲ್ಲಿದ ಹಾಗೆ ಮರಿ ಉದುರೋದು ನೋಡಿ ಹೊಟ್ಟೆ ಒಡೀತು ಅಂದಿರಬೇಕು ಹಿಂದಿನವರು.

ಸಮುದ್ರದ ಏಡಿಗೂ ನಮ್ಮ ಏಡಿಗೂ ಇಲ್ಲೇ ದೊಡ್ಡ ವ್ಯತ್ಯಾಸ ಇರೋದು. ಸಮುದ್ರದ್ದು ಲಕ್ಷಗಟ್ಟಲೆ ಸಣ್ಣ ಮೊಟ್ಟೆ ಇಡುತ್ತೆ. ಮರಿ ಮೊದಲು ಹುಳದ ಥರ ನೀರಲ್ಲಿ ತೇಲಿ ದೂರ ದೂರ ಹೋಗುತ್ತೆ. ಸಿಹಿನೀರಿನ ಏಡಿ ಇಡೋದು ಕೆಲವು ನೂರು ಮೊಟ್ಟೆ ಮಾತ್ರ, ಅವು ದಪ್ಪ. ಒಡೆದು ಬರೋದು ಹುಳ ಅಲ್ಲ, ಕಾಲು ಕೈ ಎಲ್ಲ ಇರೋ ಪುಟ್ಟ ಏಡಿಯೇ.

ಇದರಿಂದ ರೈತರು ತಿಳಿಯಬೇಕಾದ್ದು ಎರಡು. ಒಂದು, ಏಡಿ ಸೊಳ್ಳೆ ಹಾಗೆ, ಜಿಗಿಹುಳ ಹಾಗೆ ರಾತ್ರೋರಾತ್ರಿ ಸಾವಿರ ಪಟ್ಟು ಆಗೋ ಜೀವ ಅಲ್ಲ. ಕೈಯಲ್ಲಿ ಹಿಡಿದೇ ಹತೋಟಿಗೆ ತರಬಹುದು. ಎರಡು, ಇದು ತೇಲಿ ದೂರ ಹೋಗೋದಿಲ್ಲ, ನಡೆದೇ ಹೋಗಬೇಕು. ಆದ್ದರಿಂದ ಒಂದೊಂದು ಗುಡ್ಡ, ಒಂದೊಂದು ಹಳ್ಳದಲ್ಲಿ ಬೇರೆ ಬೇರೆ ಜಾತಿ ಉಳಿದುಕೊಂಡಿವೆ. ಒಂದು ಕೆರೆಯ ಏಡಿಯನ್ನು ಪೂರಾ ಸಾಯಿಸಿದ್ರೆ ಪಕ್ಕದ ಕೆರೆಯಿಂದ ಬೇಗ ಬರೋದಿಲ್ಲ.

ಬರಗಾಲದಲ್ಲಿ ಎಲ್ಲಿರುತ್ತೆ?

ಬಾಬಾಬುಡನ್ ಗಿರಿ ಸಾಲಿನ ನೀರು ಅಯ್ಯನಕೆರೆ, ಮದಗದ ಕೆರೆ ತುಂಬಿಸಿ ಮುಂದೆ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗೋದು ನಿಮಗೆಲ್ಲ ಗೊತ್ತು. ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರಿನಲ್ಲೇ. ಅಷ್ಟು ಅಪರೂಪ ನಮ್ಮ ಕಡೆ ನೀರು. ಇಂಥಾ ಸೀಮೆಯಲ್ಲಿ ನೀರಿನ ಪ್ರಾಣಿ ಬದುಕಿದ್ದೇ ಬಿಲದಿಂದ.

ಏಡಿ ಮೀನಿನ ಹಾಗೆ ಕಿವಿರಿನಲ್ಲಿ ಉಸಿರಾಡುತ್ತೆ, ಆದ್ರೆ ಗಾಳಿಯನ್ನೂ ಉಸಿರಾಡೋ ಶಕ್ತಿ ಇದೆ. ಕಿವಿರು ಒಣಗದಂತೆ ತೇವ ಇದ್ರೆ ಸಾಕು. ನೀರು ಇಳಿದಂತೆ ಅದೂ ಬಿಲವನ್ನು ಆಳಕ್ಕೆ ತೋಡುತ್ತೆ. ಬೇಸಿಗೆಯಲ್ಲಿ ಬಾಯಿಗೆ ಮಣ್ಣು ಮೆತ್ತಿ ಒಳಗೆ ಸುಮ್ಮನೆ ಕೂತುಬಿಡುತ್ತೆ. ಮೊದಲ ದೊಡ್ಡ ಮಳೆಗೆ ಹೊರಗೆ ಬರುತ್ತೆ. ಆಗ ಎಲ್ಲಿಂದ ಉದುರಿತಪ್ಪಾ ಅಂತ ನಮಗೆ ಆಶ್ಚರ್ಯ.

ನಮ್ಮ ಕೆರೆ ಹಿಂದಿನ ಬದುವಿನಲ್ಲಿ ಬಿದಿರು ಕಡ್ಡಿ ಇಳಿಸಿ ಅಳೆದು ನೋಡಿದ್ದೀನಿ. ಕಾರ್ತೀಕದಲ್ಲಿ ಒಂದೂವರೆ ಎರಡು ಅಡಿ ಇದ್ದ ಬಿಲ ಶಿವರಾತ್ರಿ ಹೊತ್ತಿಗೆ ನಾಲ್ಕು ಅಡಿ ದಾಟಿತ್ತು. ಕಡ್ಡಿ ತುದಿಗೆ ಹಸಿ ಕೆಸರು ಹತ್ತಿತ್ತು. ಅಂದ್ರೆ ಏಡಿ ಬಿಲ ಅಂತರ್ಜಲದ ಅಳತೆಗೋಲು ಇದ್ದ ಹಾಗೆ. ಹಿಂದೆ ತೆರೆದ ಬಾವಿ ತೋಡೋರು ಏಡಿ ಬಿಲ, ಹುತ್ತ, ಅತ್ತಿಮರ ನೋಡಿ ಜಾಗ ಗೊತ್ತು ಮಾಡ್ತಿದ್ದರು. ಬೋರ್‌ವೆಲ್ಲುಗಳು ನೂರಾರು ಅಡಿ ಇಳಿದ ಮೇಲೆ ಮೇಲ್ಮಣ್ಣಿನ ತೇವ ಹೋಯಿತು. ಏಡಿ ಎಷ್ಟು ತೋಡಿದ್ರೂ ಒಣ ಮಣ್ಣೇ. ಏಡಿ ಕಾಣದ ಕೆರೆ ಬಯಲು ಅಂದ್ರೆ ಅಲ್ಲಿ ನೀರೂ ಆಳಕ್ಕೆ ಹೋಗಿದೆ ಅಂತ ನನ್ನ ಅನುಭವ.

ಲಾಭವೂ ಇದೆ, ಲುಕ್ಸಾನೂ ಇದೆ

ಏಡಿ ಏನು ಸಿಕ್ಕಿದ್ರೂ ತಿನ್ನುತ್ತೆ. ಕೊಳೆತ ಎಲೆ, ಹುಲ್ಲು, ಪಾಚಿ, ಬಸವನಹುಳು, ಸತ್ತ ಮೀನು, ಹುಳ, ಕಡೆಗೆ ಚಿಪ್ಪು ಕಳಚಿ ಮೆತ್ತಗಿರೋ ತನ್ನ ಜಾತಿಯ ಏಡಿಯನ್ನೂ ಬಿಡೋದಿಲ್ಲ. ಕೆರೆ ಕಸ ಗುಡಿಸೋ ಕೆಲಸ ಅದರದ್ದು. ಬೆಳ್ಳಕ್ಕಿ, ನರಿ, ಮುಂಗುಸಿ, ಮೀನುಗೂಬೆ, ಭದ್ರಾ ಹೊಳೆಯ ನೀರುನಾಯಿ ಇವಕ್ಕೆಲ್ಲ ಏಡಿ ಆಹಾರ.

ಲುಕ್ಸಾನು ಎರಡು ಥರ. ನಾಟಿಯಾದ ಹೊಸದರಲ್ಲಿ ಎಳೇ ಸಸಿಯನ್ನು ಬುಡಕ್ಕೆ ಕತ್ತರಿಸುತ್ತೆ. ಬೆಳಿಗ್ಗೆ ಹೋದ್ರೆ ಸಸಿ ನೀರ ಮೇಲೆ ತೇಲ್ತಾ ಇರುತ್ತೆ. ಕಾಂಡಕೊರಕ ಬಿದ್ದ ಸಸಿಯಲ್ಲಿ ಸುಳಿ ಒಣಗುತ್ತೆ, ಎಳೆದ್ರೆ ಕೈಗೆ ಬರುತ್ತೆ, ಆದ್ರೆ ಸಸಿ ನಿಂತಿರುತ್ತೆ. ಏಡಿ ಕಡಿದದ್ದು ಪೂರಾ ಬಿದ್ದಿರುತ್ತೆ. ಇದನ್ನು ಗುರುತು ಮಾಡದೆ ಔಷಧಿ ತರಬೇಡಿ. ತೆಂಡೆ ಒಡೆದು ಬುಡ ಗಟ್ಟಿಯಾದ ಮೇಲೆ ಏಡಿಯಿಂದ ಅಷ್ಟು ತೊಂದರೆ ಇಲ್ಲ. ಕಾಯಬೇಕಾದ್ದು ಮೊದಲ ಎರಡು ಮೂರು ವಾರ.

ಎರಡನೆಯದು ಬದುವಿನ ತೂತು. ಮೇಲಿನ ಗದ್ದೆ ನೀರು ರಾತ್ರಿ ಕೆಳಗಿನ ಗದ್ದೆಗೆ ಇಳಿದುಬಿಡುತ್ತೆ. ನೀರಗಂಟಿ ಬಿಟ್ಟ ಸರದಿ ನೀರು ದಂಡ. ಅಣ್ಣತಮ್ಮಂದಿರ ನಡುವೆ ಜಗಳಕ್ಕೂ ಇದೇ ಮೂಲ. ಕೆರೆ ಏರಿಯಲ್ಲಿ ಇಂಥಾ ತೂತು ನೀರಿನ ಮಟ್ಟದಲ್ಲಿ ಕಂಡ್ರೆ ತಡ ಮಾಡಬಾರದು.

ಹಂದಿಗೋಡು ಕಲಿಸಿದ ಪಾಠ

ನಮ್ಮ ಪಕ್ಕದ ಜಿಲ್ಲೆಯ ಒಂದು ಸಂಗತಿ ಇಲ್ಲಿ ಹೇಳಲೇಬೇಕು. 1974-75ರ ಸುಮಾರಿಗೆ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಕೂಲಿ ಮಾಡೋ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ ಹಿಡಿದು, ನಡಿಗೆ ವಾಲಿ, ಕೆಲವರಿಗೆ ಏಳೋಕೂ ಆಗದಂಥ ಕಾಯಿಲೆ ಬೆಳಕಿಗೆ ಬಂತು. ಕೆಲವರು ಬೆಳವಣಿಗೆಯೇ ನಿಂತು ಗಿಡ್ಡರಾಗಿ ಉಳಿದರು. ಆಮೇಲೆ ಶಿವಮೊಗ್ಗ ಮತ್ತು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಇನ್ನೂ ಹಲವು ಹಳ್ಳಿಗಳಲ್ಲಿ ಕಂಡಿತು. ಆಗ ಗದ್ದೆಗೆ ಎಂಡ್ರಿನ್, ಪ್ಯಾರಾಥಿಯಾನ್ ಹೊಡೆಯೋ ಕಾಲ. ಆ ಗದ್ದೆಗಳ ಏಡಿ, ಮೀನು ತಿಂದದ್ದೇ ಕಾರಣ ಅನ್ನೋ ಅನುಮಾನ ಹುಟ್ಟಿತು. ಏಡಿ ಮೇಲೆ ಅಪವಾದ ಬಂತು.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನವರು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಇದು ಮನೆತನದಲ್ಲಿ ತಂದೆ ತಾಯಿಯಿಂದ ಮಕ್ಕಳಿಗೆ ಬರೋ ಮೂಳೆ-ಕೀಲಿನ ಕಾಯಿಲೆ ಅಂತ ಕೊನೆಗೆ ಕಂಡುಬಂತು. ಅಂದ್ರೆ ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ. ಅಂಥ ಕುಟುಂಬದವರನ್ನು ದೂರ ಇಡೋದು ತಪ್ಪು.

ಹಾಗಂತ ಏಡಿ ಬಿಲಕ್ಕೆ ವಿಷ ಹಾಕಿದ್ರೆ ಪರವಾಗಿಲ್ಲ ಅಂತ ಅರ್ಥವೇ? ಖಂಡಿತ ಅಲ್ಲ. ಹಂದಿಗೋಡು ಜಗತ್ತಿಗೆ ತೋರಿಸಿದ್ದು ಇನ್ನೊಂದು ನಿಜ ಇದೆ: ಗದ್ದೆ ಯಾರದ್ದೋ, ವಿಷ ಹೊಡೆಸೋರು ಯಾರೋ, ಆ ಗದ್ದೆಯ ಏಡಿ ಹಿಡಿದು ಮಕ್ಕಳಿಗೆ ಸಾರು ಮಾಡಿ ಹಾಕೋರು ಇನ್ನು ಯಾರೋ. ನಮ್ಮೂರಲ್ಲೂ ನಾಟಿಗೆ ಬರೋ ಹೆಣ್ಣುಮಕ್ಕಳು ಸಂಜೆ ಮಡಿಲಲ್ಲಿ ನಾಲ್ಕು ಏಡಿ ಕಟ್ಟಿಕೊಂಡು ಹೋಗ್ತಾರೆ. ನೆಗಡಿ ಕೆಮ್ಮಿಗೆ ಏಡಿ ಸಾರು ಒಳ್ಳೇದು ಅಂತ ಮೇಲಿನ ಮನೆಯವರೂ ತರಿಸ್ಕೊಳ್ತಾರೆ. ಯಾವ ಬಿಲಕ್ಕೆ ಗುಳಿಗೆ ಬಿದ್ದಿದೆ ಅಂತ ಬದುವಿನ ಮೇಲೆ ಬೋರ್ಡು ಹಾಕಿರೋದಿಲ್ಲ.

ಫೋರೇಟ್ ಗುಳಿಗೆಯನ್ನು ಅನ್ನದಲ್ಲಿ ಕಲಸಿ ಬಿಲದ ಬಾಯಿಗೆ ಇಡೋದು ನಮ್ಮ ಕಡೆ ಬಹಳ ಕಾಲ ನಡೀತು. ಇದು ಡಬ್ಬಿ ಮೇಲೆ ಕೆಂಪು ಗುರುತು ಇರೋ ಕಡು ವಿಷ. ಸರ್ಕಾರ 2018ರಲ್ಲಿ ಆದೇಶ ಮಾಡಿ 2020ರ ಡಿಸೆಂಬರ್ 31ರಿಂದ ಇದನ್ನು ಪೂರಾ ನಿಷೇಧ ಮಾಡಿದೆ. ಆದ್ರೂ ಅಟ್ಟದ ಮೇಲೆ ಹಳೇ ಡಬ್ಬಿ ಉಳಿದಿರೋ ಮನೆಗಳಿವೆ. ಅದನ್ನು ತೆಗೆಯಲೇಬೇಡಿ. ಮಕ್ಕಳ ಕೈಗೆ ಸಿಗದಂತೆ ಕಟ್ಟಿಟ್ಟು ರೈತ ಸಂಪರ್ಕ ಕೇಂದ್ರದವರನ್ನು ಕೇಳಿ. ಹಳ್ಳಕ್ಕೆ, ಬಾವಿಗೆ ಎಸೀಬೇಡಿ. ಆ ಡಬ್ಬಿಯಲ್ಲಿ ಕಾಳು, ಎಣ್ಣೆ ಏನನ್ನೂ ಹಾಕಿಡಬೇಡಿ.

ಇನ್ನೊಂದು ಮಾತು. ಕೀಟಕ್ಕೂ ಏಡಿಗೂ ದೂರದ ನೆಂಟಸ್ತಿಕೆ ಇದೆ. ಎರಡಕ್ಕೂ ಗಟ್ಟಿ ಚಿಪ್ಪು, ಗಂಟು ಗಂಟಿನ ಕಾಲು, ಬೆಳೀಬೇಕಾದ್ರೆ ಚಿಪ್ಪು ಕಳಚೋ ಪದ್ಧತಿ. ಆದ್ದರಿಂದ ಕೀಟ ಕೊಲ್ಲೋ ಔಷಧಿ ಏಡಿ, ಸೀಗಡಿಗೆ ಬೇಗ ತಟ್ಟುತ್ತೆ. ಸೈಪರ್‌ಮೆಥ್ರಿನ್ ಥರದ್ದು ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆದ್ರೂ ಸಾಕು. ಏಡಿ ಸತ್ತು ದಡಕ್ಕೆ ಬಂದಿದೆ ಅಂದ್ರೆ ಆ ನೀರನ್ನು ದನಕ್ಕೆ ಕುಡಿಸೋ ಮುಂಚೆ ಯೋಚನೆ ಮಾಡಿ.

ವಿಷ ಇಲ್ಲದೆ ಹತೋಟಿ

2022ರಲ್ಲಿ ನಮ್ಮ ಕೆರೆ ತುಂಬಿ ನಾಟಿಗೆ ಇಳಿದಾಗ ನಾವು ಏಳೆಂಟು ಮನೆಯವರು ಗುಳಿಗೆ ಬೇಡ ಅಂತ ಮಾತಾಡಿಕೊಂಡು ಮಾಡಿದ ಕ್ರಮ ಹೀಗಿದೆ.

1. ಬದು ಕೆತ್ತಿ ಮೆತ್ತೋದು: ನಾಟಿಗೆ ಮುಂಚೆ ಬದುವಿನ ಹುಲ್ಲು ಕೆತ್ತಿ, ತೂತು ಇದ್ದ ಕಡೆ ಒಂದು ಅಡಿ ಅಗೆದು, ಸಣ್ಣ ಕಲ್ಲು ಮತ್ತು ಜೇಡಿಮಣ್ಣು ಹಾಕಿ ತುಳಿದು, ಮೇಲೆ ಕೆಸರು ಮೆತ್ತಬೇಕು. ಬರೀ ಬಾಯಿ ಮುಚ್ಚಿದ್ರೆ ಅದೇ ರಾತ್ರಿ ತೆಗೆಯುತ್ತೆ.

2. ಬಲಿತ ಸಸಿ: ಇಪ್ಪತ್ತೈದು ದಿನ ದಾಟಿದ ಗಟ್ಟಿ ಸಸಿ ನೆಡಬೇಕು. ಬದುವಿನ ಪಕ್ಕದ ಎರಡು ಸಾಲಿಗೆ ಗುಣಿಗೆ ಒಂದೆರಡು ಸಸಿ ಜಾಸ್ತಿ ಇಡಿ. ಮೂಲೆಯಲ್ಲಿ ಸ್ವಲ್ಪ ಸಸಿ ಉಳಿಸಿಕೊಂಡ್ರೆ ಹೋದ ಜಾಗಕ್ಕೆ ಹಾಕಬಹುದು.

3. ತೆಳು ನೀರು: ಮೊದಲ ಹದಿನೈದು ದಿನ ನೀರು ಆಳ ನಿಲ್ಲಿಸಬೇಡಿ. ತೆಳುವಾಗಿದ್ರೆ ಏಡಿ ಗದ್ದೆ ನಡುವೆ ಓಡಾಡೋದು ಕಡಿಮೆ, ಹಕ್ಕಿಗೂ ಸುಲಭವಾಗಿ ಸಿಗುತ್ತೆ.

4. ಮಡಕೆ ಬೋನು: ಇದೇ ಮುಖ್ಯ. ಹಳೇ ಮಡಕೆಯನ್ನು ಬದುವಿನ ಪಕ್ಕ, ಬಾಯಿ ನೆಲದ ಮಟ್ಟಕ್ಕೆ ಬರೋ ಹಾಗೆ ಹೂಳಿ. ಒಳಗೆ ಒಂದು ಹಿಡಿ ತೌಡು, ಹಳಸಿದ ಅನ್ನ ಅಥವಾ ಮೀನಿನ ತಲೆ ಹಾಕಿ. ರಾತ್ರಿ ವಾಸನೆಗೆ ಬಂದು ಬೀಳುತ್ತೆ, ನುಣುಪು ಮಡಕೆ ಹತ್ತೋಕೆ ಆಗೋದಿಲ್ಲ. ಮಡಕೆ ಇಲ್ಲದಿದ್ರೆ ಪ್ಲಾಸ್ಟಿಕ್ ಬಕೆಟ್ಟೂ ಆಗುತ್ತೆ. ನನ್ನ ಇಪ್ಪತ್ತು ಗುಂಟೆಗೆ ಆರು ಮಡಕೆ ಸಾಕಾಯ್ತು. ಮೊದಲ ನಾಲ್ಕು ರಾತ್ರಿ ಚೆನ್ನಾಗಿ ಬಿದ್ದವು, ಆಮೇಲೆ ಕಡಿಮೆ ಆದವು.

5. ಬ್ಯಾಟರಿ ಹಿಡಿದು ರಾತ್ರಿ ಸುತ್ತೋದು: ಮಳೆ ನಿಂತ ರಾತ್ರಿ ಏಡಿ ಹೊರಗಿರುತ್ತೆ. ಹಿಂದಿನಿಂದ ಚಿಪ್ಪಿನ ಎರಡು ಪಕ್ಕ ಹಿಡಿದ್ರೆ ಇಕ್ಕಳ ಸಿಗೋದಿಲ್ಲ. ಬಿಲಕ್ಕೆ ಬರಿಗೈ ಹಾಕಬೇಡಿ, ಏಡಿ ಬಿಟ್ಟ ಬಿಲದಲ್ಲಿ ಹಾವು ಇರಬಹುದು.

6. ಮರಿ ಹೊತ್ತ ಹೆಣ್ಣನ್ನು ಬಿಡೋದು: ಹೊಟ್ಟೆ ಮಡಿಕೆಯಲ್ಲಿ ಮೊಟ್ಟೆ, ಮರಿ ಇದ್ರೆ ಕೆರೆ ಅಂಗಳಕ್ಕೆ ಒಯ್ದು ಬಿಟ್ಟೆವು. ಗದ್ದೆಗೆ ಬೇಡವಾದ್ದು ಕೆರೆಗೆ ಬೇಕು.

ಇದಕ್ಕೆ ಖರ್ಚು ಅಂದ್ರೆ ಮೈಬಗ್ಗಿಸಿದ್ದು ಮಾತ್ರ. ಆ ವರ್ಷ ಬದುವಿನ ಪಕ್ಕದಲ್ಲಿ ಅಲ್ಲಲ್ಲಿ ಸಸಿ ಹೋಗಿ ಮತ್ತೆ ನೆಟ್ಟಿದ್ದು ಬಿಟ್ರೆ ಬೆಳೆಗೆ ಏನೂ ಆಗಲಿಲ್ಲ. ಬಿದ್ದ ಏಡಿ ಊರಿನ ಒಲೆ ಸೇರಿತು, ಯಾರಿಗೂ ಹೆದರಿಕೆ ಇರಲಿಲ್ಲ. ಒಂಟಿಯಾಗಿ ಮಾಡಿದ್ರೆ ಪಕ್ಕದ ಗದ್ದೆಯಿಂದ ಬರ್ತಾನೇ ಇರುತ್ತೆ, ಒಂದು ತೂಬಿನ ಕೆಳಗಿನವರೆಲ್ಲ ಸೇರಿ ಮಾಡೋದು ಲೇಸು.

ತಿನ್ನೋರಿಗೆ ಒಂದು ಎಚ್ಚರಿಕೆ

ಏಡಿಯನ್ನು ಚೆನ್ನಾಗಿ ಕುದಿಸಿಯೇ ತಿನ್ನಬೇಕು. ಕೆಲವರು ಕೆಮ್ಮಿಗೆ ಅಂತ ಹಸಿ ಏಡಿ ಜಜ್ಜಿ ರಸ ಕುಡಿಸ್ತಾರೆ. ಹಸಿ ಅಥವಾ ಅರೆಬೆಂದ ಏಡಿಯಿಂದ ಪುಪ್ಪುಸಕ್ಕೆ ಸೇರೋ ಒಂದು ಜಾತಿ ಹುಳ ಮಣಿಪುರದಂಥ ಈಶಾನ್ಯ ರಾಜ್ಯಗಳಲ್ಲಿ ಜನರನ್ನು ಕಾಡಿದೆ. ಕೆಮ್ಮಿ ರಕ್ತ ಬಂದು ಕ್ಷಯ ಅಂತ ತಪ್ಪು ತಿಳಿಯೋದೂ ಉಂಟು. ಕುದಿಸಿದ್ರೆ ಆ ಭಯ ಇಲ್ಲ. ಆದ್ರೆ ಔಷಧಿ ವಿಷ ಕುದಿಸಿದ್ರೆ ಹೋಗುತ್ತೆ ಅಂತ ನಂಬಬೇಡಿ. ಸಿಂಪಡಣೆ ಆದ ಗದ್ದೆಯ ಏಡಿ ಹಿಡೀಲೇಬೇಡಿ. ಸಿಂಪಡಣೆ ಮಾಡಿಸಿದ ಯಜಮಾನರು ನಾಟಿ, ಕಳೆಗೆ ಬರೋರಿಗೆ ಬಾಯಿಬಿಟ್ಟು ಹೇಳಬೇಕು. ಅದು ಅವರ ಜವಾಬ್ದಾರಿ.

ಓದುಗರಲ್ಲಿ ಕೋರಿಕೆ

ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿಯ ತೊರೆಗಳಿಂದ ಹಿಡಿದು ಯಗಟಿ, ಪಂಚನಹಳ್ಳಿ, ಶಿವನಿಯ ಕೆರೆಗಳ ತನಕ ಒಂದೇ ಥರದ ಏಡಿ ಇರೋದಿಲ್ಲ. ನಿಮ್ಮ ಕಡೆ ಎಷ್ಟು ಬಗೆ ಇದೆ, ಚಿಪ್ಪಿನ ಬಣ್ಣ ಯಾವುದು, ಯಾವ ಮಳೆಗೆ ಮೊದಲು ಕಾಣಿಸಿತು, ಯಾವ ತಿಂಗಳಲ್ಲಿ ಮರಿ ಹೊತ್ತಿತ್ತು, ಬೇಸಿಗೆಯಲ್ಲಿ ಬಿಲ ಎಷ್ಟು ಅಡಿ ಇಳಿದಿತ್ತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶಾಲೆ ಮಕ್ಕಳಿಗೆ ಹೇಳಿದ್ರೆ ಅವರೇ ಖುಷಿಯಿಂದ ಮಾಡ್ತಾರೆ. ಏಡಿ ಹತೋಟಿಗೆ ನಿಮ್ಮ ಹಿರಿಯರು ಬಳಸ್ತಿದ್ದ ಬೇರೆ ಉಪಾಯ ಇದ್ರೆ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಒಂದು ಊರಿನ ಅನುಭವ ಹತ್ತು ಊರಿಗೆ ಉಪಯೋಗ ಆಗುತ್ತೆ.